ಅಡ್ಡಗೀಟು

ಟ್ರಂಕಿನ ಬೀಗದ ಕೈ ಸಿಗದೆ ಗ್ರೇಸಿ ಕತ್ತಿಯ ಹಿಂಬದಿಯಿಂದ ಎರಡು ಪೆಟ್ಟು ಹಾಕಿದಳು. ಮೂರನೆಯ ಪೆಟ್ಟಿಗೆ ಕೊಂಡಿಯೇ ಕಿತ್ತು ಬಂತು. ಹೊರಗೆ ಹಾಲ್‌ನಲ್ಲಿ ಅವಳ ಗಂಡ ವಲೇರಿಯನ್ ಬಿಳಿ ಅಂಗಿಯಲ್ಲಿ ಮಲಗಿದ್ದ. ನಾಲ್ಕು ಗಂಟೆಗೆ ಇಗರ್ಜಿಯಲ್ಲಿ ಪೂಜೆ. ಅಷ್ಟರಲ್ಲಿ ಮದುವೆಯ ಕಪ್ಪು ಕೋಟು ತೊಡಿಸಬೇಕೆಂದು ವಾರ್ಡಿನ ಹಿರಿಯರಾದ ಗುರ್ಕಾರ್ ಎರಡು ಸಲ ನೆನಪಿಸಿ ಹೋಗಿದ್ದರು. ಬದುಕಿದ್ದಾಗ ಇಪ್ಪತ್ತೊಂಬತ್ತು ವರ್ಷ ಯಾರಿಗೂ ಬೇಡವಾಗಿದ್ದ ಕೋಟು ಸತ್ತ ಮೇಲೆ ತುರ್ತಾಗಿ ಬೇಕಾಗುತ್ತದೆ.

ಕೋಟು ಮೇಲೆಯೇ ಇತ್ತು. ಮಗಳು ಶಾರನ್ ಅದನ್ನು ಇಸ್ತ್ರಿ ಮಾಡಲು ಒಯ್ದಳು. ಕೋಟಿನ ಅಡಿಯಲ್ಲಿದ್ದದ್ದನ್ನು ಕಂಡ ಗ್ರೇಸಿ ಬಾಗಿಲು ಓರೆ ಮಾಡಿ ಮಂಚದ ಮೇಲೆ ಕೂತುಬಿಟ್ಟಳು.

ಅಂಚು ಸವೆದ ದೊಡ್ಡ ಇಂಗ್ಲಿಷ್ ಪುಸ್ತಕ. ರಕ್ಷಾಪುಟದಲ್ಲಿ ಕೊಂಬು ಮೂಡಿದ ತಲೆಬುರುಡೆಯವನೊಬ್ಬ ಹೆಣಗಳ ರಾಶಿಯ ಮೇಲೆ ಕೊಡಲಿ ಹಿಡಿದು ನಿಂತಿದ್ದ. ಒಳಗೂ ಅಂಥವೇ ಕಪ್ಪು ಬಿಳುಪು ಚಿತ್ರಗಳು. ಪುಸ್ತಕದೊಳಗೆ ಇನ್ನೂರು ಪುಟದ ಒಂದು ನೋಟ್‌ಬುಕ್. ಅದರಲ್ಲಿ ವಲೇರಿಯನ್‌ನ ದುಂಡು ಅಕ್ಷರದಲ್ಲಿ ತಮ್ಮ ಊರು ಹೊಸಂಗಡಿಯ ಜನರ ಹೆಸರುಗಳು. ಹಲವರ ಹೆಸರಿನ ಮುಂದೆ ಶಿಲುಬೆ, ಶಿಲುಬೆಯ ಮುಂದೆ ತಾರೀಕು.

ಮೀನಿನ ಮಂಜ, ಶಿಲುಬೆ, ೨೦೦೨. ಮಂಜ ಕಡಲಲ್ಲಿ ಹೋದದ್ದು ೨೦೧೦ರಲ್ಲಿ. ವಸುಮತಿ ಟೀಚರ್, ಶಿಲುಬೆ, ೨೦೦೩. ಟೀಚರ್ ಕ್ಯಾನ್ಸರಿನಲ್ಲಿ ತೀರಿಹೋಗಿ ಇನ್ನೂ ಎರಡು ವರ್ಷ ಆಗಿಲ್ಲ. ಸಾವಿಗಿಂತ ಮೊದಲೇ ಶಿಲುಬೆ ಬಿದ್ದಿದೆ. ಮಾಟ ಮಾಡಿಸುವವರು ಹೆಸರು ಬರೆದಿಟ್ಟುಕೊಳ್ಳುತ್ತಾರೆಂದು ಗ್ರೇಸಿ ಚಿಕ್ಕಂದಿನಿಂದ ಕೇಳಿದ್ದಳು. ಕೊನೆಯ ಪುಟ ಮಗುಚಿದಾಗ ಹೆದರಿದವರ ಮೇಲೆ ಹಾವು ಎಸೆದಂತಾಯಿತು. ಅಲ್ಲಿ ಅವಳ ಮಗನ ಹೆಸರಿತ್ತು.

ಡೀನ್. ತಾರೀಕು ೧೨-೯-೨೦೦೪. ಅವನ ಹೆಸರಿನ ಮುಂದೆ ಪೂರ್ತಿ ಶಿಲುಬೆ ಇರಲಿಲ್ಲ. ಬರೀ ಒಂದು ಅಡ್ಡಗೀಟು. ಮೇಲಿನಿಂದ ಕೆಳಗೆ ಇನ್ನೊಂದು ಗೆರೆ ಎಳೆದರೆ ಮುಗಿಯಿತು.

ಡೀನ್ ಆ ಹೊತ್ತಿಗೆ ಮಸ್ಕತ್‌ನಿಂದ ಬರುವ ವಿಮಾನದಲ್ಲಿದ್ದ. ಹತ್ತೂವರೆಗೆ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿಯಬೇಕಿತ್ತು, ಈಗ ಹನ್ನೊಂದೂ ಕಾಲು. ೨೦೧೦ರ ವಿಮಾನ ಅಪಘಾತದ ನಂತರ ಬಜ್ಪೆಯಲ್ಲಿ ವಿಮಾನ ಇಳಿಯುತ್ತದೆಂದರೆ ಕಾಸರಗೋಡಿನ ತಾಯಂದಿರು ನೆಲ ಮುಟ್ಟಿದ ಫೋನು ಬರುವ ತನಕ ನೀರು ಕುಡಿಯುವುದಿಲ್ಲ. ಗ್ರೇಸಿ ಮಗನ ನಂಬರು ಒತ್ತಿದಳು. ಸ್ವಿಚ್ ಆಫ್ ಎಂದು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಹೇಳಿದರು.

ಕೇಳಬಹುದಾದವನು ಒಬ್ಬನೇ. ಅಂಗಳದ ಕುರ್ಚಿಯಲ್ಲಿ ಬೆಳಿಗ್ಗೆಯಿಂದ ಯಾರಲ್ಲೂ ಮಾತಾಡದೆ ಕೂತಿದ್ದ ಮೊಯಿನುದ್ದೀನ್, ಊರಿಗೆಲ್ಲ ಮೋನುಚ್ಚ. ವಲೇರಿಯನ್‌ನ ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಮೂವತ್ತು ವರ್ಷ ಚಪ್ಪಲಿ ಮಾರಿದವನು. ಶಾರನ್ ಹೋಗಿ ಕರೆದಳು. ಅವನು ಬಂದು ಕೋಣೆಯ ಹೊಸ್ತಿಲಲ್ಲೇ ನಿಂತ. ಗ್ರೇಸಿಯ ಕೈಯಲ್ಲಿದ್ದ ಪುಸ್ತಕ ನೋಡಿ ಅವನ ಮುಖದ ರಕ್ತ ಇಳಿದುಹೋಯಿತು. ಅದನ್ನು ಕಂಡು ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು.

"ಇದು ಎಂತ ಮೋನುಚ್ಚ? ಸತ್ಯ ಹೇಳಿ. ಇವರು ಎಂತಾದ್ರೂ ಕೆಟ್ಟದ್ದಕ್ಕೆ ಕೈ ಹಾಕಿದ್ರಾ?"

"ಇಲ್ಲ ಗ್ರೇಸಿಬಾಯಿ. ಆಟ ಅದು. ನಮ್ಮ ದಂಡಿನ ಆಟ."

"ಆಟದಲ್ಲಿ ಯಾರಾದ್ರೂ ಊರವರ ಹೆಸರಿಗೆ ಶಿಲುಬೆ ಹಾಕ್ತಾರಾ?"

ಅವನು ನೋಟ್‌ಬುಕ್ ತೆಗೆದುಕೊಂಡು ಒಂದು ಪುಟ ತೋರಿಸಿದ. ಉದಯಶಂಕರನಿಗೆ ನಾಲ್ಕು ಶಿಲುಬೆಗಳಿದ್ದವು. ಆ ಉದಯಶಂಕರ ಆಗ ಅಂಗಳದಲ್ಲೇ ಶಾಮಿಯಾನ ಕಟ್ಟುತ್ತ, ಹಗ್ಗ ಗಿಡ್ಡವಾಯಿತೆಂದು ಕೆಲಸದವರನ್ನು ಬೈಯುತ್ತಿದ್ದ. ಇನ್ನೊಂದು ಪುಟದಲ್ಲಿ ವಲೇರಿಯನ್‌ನದೇ ಹೆಸರು. ಹನ್ನೊಂದು ಶಿಲುಬೆ.

"ಇವ ನನ್ನ ಕೈಯಲ್ಲಿ ಹನ್ನೊಂದು ಸಲ ಸತ್ತಿದ್ದಾನೆ," ಎಂದ ಮೊಯಿನುದ್ದೀನ್. "ಯಾವಾಗಲೂ ಎಲ್ಲರಿಗಿಂತ ಮುಂದೆ ನಿಲ್ಲುವುದು. ಬೇಡ ಅಂದರೆ ಕೇಳುವುದಿಲ್ಲ."

ಗ್ರೇಸಿಗೆ ಎರಡು ದಿನದಲ್ಲಿ ಮೊದಲ ಬಾರಿಗೆ ನಗು ಬಂತು.

*

೨೦೦೧ರಲ್ಲಿ ಬಹ್ರೇನ್ ಬಿಟ್ಟು ಬಂದ ವಲೇರಿಯನ್‌ನ ಸಾಮಾನಿನಲ್ಲಿ ನೆಂಟರು ಕಾದಿದ್ದ ಸೆಂಟು, ಕಂಬಳಿಗಳ ಜತೆಗೆ ಒಂದು ರಟ್ಟಿನ ಪೆಟ್ಟಿಗೆಯೂ ಇತ್ತು. ಕಂಪೆನಿಯ ಕ್ಯಾಂಪಿನಲ್ಲಿದ್ದ ಇಂಗ್ಲಿಷ್ ಇಂಜಿನಿಯರೊಬ್ಬ ಊರಿಗೆ ಮರಳುವಾಗ ಕೊಟ್ಟದ್ದು. ಅದರಲ್ಲಿ ಎಂಬತ್ತರ ದಶಕದಲ್ಲಿ ಅಚ್ಚಾದ ಮೂರು ಪುಸ್ತಕಗಳು, ಬಿಸ್ಕತ್ತಿನ ಡಬ್ಬಿಯಲ್ಲಿ ಬೆರಳುದ್ದದ ಸೀಸದ ಸಿಪಾಯಿಗಳು. ಮೇಜಿನ ಮೇಲೆ ದಂಡು ಹೂಡಿ, ಅಳತೆಪಟ್ಟಿಯಿಂದ ಅಳೆದು ನಡೆಸಿ, ದಾಳ ಹಾಕಿ ಕಾದುವ ಆಟ. ಆಡಲು ಇನ್ನೊಬ್ಬ ಬೇಕು. ನಲವತ್ತು ದಾಟಿದ ಗಂಡಸರು ಹೊಸ ಸ್ನೇಹ ಮಾಡುವುದಿಲ್ಲವಂತೆ. ವಲೇರಿಯನ್‌ಗೂ ಮೊಯಿನುದ್ದೀನ್‌ಗೂ ಅದನ್ನು ಯಾರೂ ಹೇಳಿರಲಿಲ್ಲ.

ಭಾನುವಾರ ಊಟ ಮುಗಿಸಿ ಇಬ್ಬರೂ ಅಂಗಡಿಯ ಮಹಡಿಗೆ ಹತ್ತುತ್ತಿದ್ದರು. ವ್ಯಾಪಾರದ ಲೆಕ್ಕ ನೋಡುತ್ತಾರೆಂದು ಗ್ರೇಸಿ ತಿಳಿದಿದ್ದಳು. ಪ್ಲೈವುಡ್ ಹಲಗೆಯ ಮೇಲೆ ಚಪ್ಪಲಿಯ ಖಾಲಿ ಪೆಟ್ಟಿಗೆಗಳೇ ಮನೆಗಳು, ಲ್ಯಾಮಿನೇಷನ್ನಿನ ತುಂಡುಗಳೇ ಹೊಳೆ, ಕೆಂಪು ಮುರಕಲ್ಲಿನ ಚೂರುಗಳೇ ಗುಡ್ಡ. ಸಿಪಾಯಿಗಳು ಸಾಲದಾದಾಗ ಮೊಯಿನುದ್ದೀನ್ ಸವೆದ ಹವಾಯಿ ಚಪ್ಪಲಿಯ ರಬ್ಬರನ್ನು ಬ್ಲೇಡಿನಿಂದ ಕೊರೆದು ನೀಲಿ ದಂಡೊಂದನ್ನು ಎಬ್ಬಿಸಿದ. ಇಳಿಮಧ್ಯಾಹ್ನದ ಅಸರ್ ಬಾಂಗಿನ ತನಕ ಯುದ್ಧ. ಆಮೇಲೆ ಅವನು ನಮಾಜಿಗೆ, ಇವನು ಚಹಾಕ್ಕೆ.

ಪುಸ್ತಕದ ತುಂಬ ತಪ್ಪುಗಳಿದ್ದವು. ಒಂದು ಪುಟದಲ್ಲಿ ಕುದುರೆ ಹೊಳೆ ದಾಟಬಹುದಿತ್ತು, ಇನ್ನೊಂದರಲ್ಲಿ ದಾಟಬಾರದಿತ್ತು. ಹಾಗಾದಾಗ ಇಬ್ಬರೂ ಕೂತು ಮಾತಾಡಿ, ಒಪ್ಪದಿದ್ದರೆ ದಾಳ ಹಾಕಿ ಎಂದು ಪುಸ್ತಕವೇ ಹೇಳುತ್ತಿತ್ತು. ಬರೆದವನೂ ನಮ್ಮ ಹಾಗೇ ಅರ್ಧ ಗೊತ್ತಿಲ್ಲದವ ಮಾರಾಯ ಎಂದು ವಲೇರಿಯನ್ ಹೆಮ್ಮೆಯಿಂದ ಹೇಳುತ್ತಿದ್ದ. ಅವನಿಗೆ ಅತ್ಯಂತ ಪ್ರೀತಿಯದು ಹನ್ನೆರಡನೆಯ ಪುಟ. ಪ್ರತಿ ಸಿಪಾಯಿಗೂ ಹೆಸರಿಡಬೇಕು, ಹೆಸರಿಲ್ಲದವನು ಸತ್ತರೆ ಯಾರಿಗೂ ನೋವಾಗುವುದಿಲ್ಲ ಎಂದು ಅಲ್ಲಿತ್ತು. ಬೇರೆ ಹೆಸರೆಲ್ಲಿಂದ ತರುವುದು? ಊರವರದ್ದೇ ಇಟ್ಟರು. ಪೋಸ್ಟಿನ ಈಶ್ವರಪ್ರಸಾದನಿಗೆ ಬಿಲ್ಲು, ವಸುಮತಿ ಟೀಚರಿಗೆ ಫಿರಂಗಿ.

ಕೆಲವು ವರ್ಷಕ್ಕೊಮ್ಮೆ ಅದೇ ಆಟದ ಹೊಸ ಪುಸ್ತಕ ಬರುತ್ತಿತ್ತು. ದುಬೈಯಲ್ಲಿದ್ದ ಮೊಯಿನುದ್ದೀನ್‌ನ ಅಳಿಯನೊಬ್ಬ ಒಮ್ಮೆ ತಂದುಕೊಟ್ಟ. ನುಣುಪಾದ ಕಾಗದ, ಬಣ್ಣದ ಚಿತ್ರ, ತಪ್ಪೇ ಇಲ್ಲ. ವಲೇರಿಯನ್ ಪೂರ್ತಿ ಮಗುಚಿ ನೋಡಿ ಬದಿಗಿಟ್ಟ. ಅದರಲ್ಲಿ ಹೆಸರು ಬರೆಯುವ ಜಾಗವೇ ಇರಲಿಲ್ಲ. ಹತ್ತು ಮಂದಿ ಬಿದ್ದರೆ ಹತ್ತು ಎತ್ತಿ ಡಬ್ಬಿಗೆ ಹಾಕುವುದು, ಅಷ್ಟೆ. ಆಮೇಲೆ ಆ ಪುಸ್ತಕ ಲ್ಯಾಮಿನೇಷನ್ ಮಾಡಿದ ಕಾರ್ಡುಗಳು ಸುರುಟದಂತೆ ಮೇಲೆ ಹೇರುವ ಭಾರವಾಯಿತು.

*

"ಹಾಗಾದ್ರೆ ನನ್ನ ಮಗನಿಗೆ ಅರ್ಧ ಯಾಕೆ?" ಎಂದಳು ಗ್ರೇಸಿ.

ಮೊಯಿನುದ್ದೀನ್ ಹಾಲ್‌ನ ಕಡೆ ನೋಡಿದ. ಅಲ್ಲಿ ಹೆಂಗಸರು ಜಪಸರ ಹಿಡಿದು ತೇರ್ಸ್ ಹೇಳುತ್ತಿದ್ದರು. ಇಬ್ಬರು ಗಂಡಸರು ವಲೇರಿಯನ್‌ನ ಸೆಟೆದ ತೋಳನ್ನು ಕೋಟಿನೊಳಗೆ ತೂರಿಸಲು ಹೆಣಗುತ್ತಿದ್ದರು. ಅವನು ದನಿ ತಗ್ಗಿಸಿ ವಿವರಿಸಿದ. ಪೆಟ್ಟು ಬಿದ್ದ ಸಿಪಾಯಿಯನ್ನು ಮೇಜಿನ ಮೇಲೆ ಅಡ್ಡ ಮಲಗಿಸುತ್ತಾರೆ, ಹೆಸರಿನ ಮುಂದೆ ಅಡ್ಡಗೀಟು ಎಳೆಯುತ್ತಾರೆ. ಅವನಿನ್ನೂ ಸತ್ತಿಲ್ಲ. ಯುದ್ಧ ಮುಗಿದ ಮೇಲೆ ಬಿದ್ದವನೊಬ್ಬೊಬ್ಬನಿಗೂ ಒಂದು ದಾಳ. ಒಂದು ಬಿದ್ದರೆ ಸತ್ತ, ಉದ್ದಗೀಟು ಎಳೆದು ಶಿಲುಬೆ ಮಾಡುವುದು. ಬೇರೇನು ಬಿದ್ದರೂ ಗಾಯ ಮಾತ್ರ, ಅಡ್ಡಗೀಟು ಅಳಿಸುವುದು.

"ಡೀನ್‌ಗೆ ದಾಳ ಹಾಕ್ಲಿಲ್ವಾ?"

"ಹಾಕ್ಲಿಲ್ಲ. ಹಾಕ್ಲಿಕ್ಕೆ ಬಿಡ್ಲಿಲ್ಲ ಅವ."

*

೨೦೦೪ರ ಆ ಭಾನುವಾರ ವಲೇರಿಯನ್‌ನ ಹೊಸ ಸಿಪಾಯಿ ಡೀನ್ ಮೊದಲ ಬಾರಿಗೆ ಮೇಜಿಗೆ ಇಳಿದಿದ್ದ. ಹದಿಮೂರರ ಮಗ ಇಗರ್ಜಿಯ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಅಪ್ಪನಿಗೆ ಮಗನನ್ನು ದಂಡಿಗೆ ಸೇರಿಸುವ ಹುಚ್ಚು. ಮೂರೂವರೆಗೆ ಮೊಯಿನುದ್ದೀನ್‌ನ ಫಿರಂಗಿ ಅವನನ್ನು ಕೆಡವಿತು. ವಲೇರಿಯನ್ ನಗುತ್ತಲೇ ಅಡ್ಡಗೀಟು ಎಳೆದ. ಪೆನ್ಸಿಲ್ ಕೆಳಗಿಡುವಷ್ಟರಲ್ಲಿ ಅಂಗಡಿಯ ಫೋನು ಬಡಿದುಕೊಂಡಿತು. ಡೀನ್ ಮೈದಾನದಲ್ಲಿ ಬಿದ್ದಿದ್ದಾನೆ, ಫಿಟ್ಸ್ ಬಂದಿದೆ, ಬಾಯಲ್ಲಿ ನೊರೆ ಎಂದರು.

ಮೆದುಳು ಜ್ವರ. ಮಂಗಳೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಹುಡುಗನಿಗೆ ಎಚ್ಚರವಿರಲಿಲ್ಲ. ಇಪ್ಪತ್ತೊಂದನೆಯ ದಿನ ಮನೆಗೆ ಬಂದ. ವಲೇರಿಯನ್ ಮಹಡಿ ಹತ್ತಿ, ಮೇಜಿನ ಮೇಲೆ ಇದ್ದದ್ದನ್ನು ಇದ್ದ ಹಾಗೇ ಎತ್ತಿ ಮನೆಗೆ ತಂದು ಟ್ರಂಕಿಗೆ ಹಾಕಿ ಬೀಗ ಜಡಿದ. ಹುಡುಗ ಹುಷಾರಾದನಲ್ಲ, ಒಂದು ದಾಳ ಹಾಕಿ ಮುಗಿಸುವಾ ಎಂದು ಮೊಯಿನುದ್ದೀನ್ ಕೇಳಿದ. ಒಂದು ಸಲ ಅಲ್ಲ, ಎಷ್ಟೋ ವರ್ಷ ಕೇಳಿದ. ವಲೇರಿಯನ್‌ನ ಉತ್ತರ ಒಂದೇ. ಯುದ್ಧ ಮುಗಿಯದೆ ದಾಳ ಇಲ್ಲ, ದಾಳ ಇಲ್ಲದೆ ಅವನಿಗೆ ಏನೂ ಆಗುವುದಿಲ್ಲ. ಹೀಗೆ ಜಗತ್ತಿನಲ್ಲಿ ಅವನಿಗೆ ಇಷ್ಟವಾಗಿದ್ದ ಒಂದೇ ಆಟ ನಿಂತುಹೋಯಿತು. ಆದರೆ ಭಾನುವಾರ ಮಧ್ಯಾಹ್ನ ಆ ಹಳೆಯ ಪುಸ್ತಕ ಓದುವುದನ್ನು ಬಿಡಲಾಗಲಿಲ್ಲ. ಕೋಣೆಯ ಬಾಗಿಲು ಹಾಕಿ ಕೂತ ಗಂಡ ಬೈಬಲ್ ಓದುತ್ತಾನೆಂದು ಗ್ರೇಸಿ ನೆರೆಯವರಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಮೋನುಚ್ಚನಲ್ಲಿ ಏನೋ ಜಗಳವಾಗಿರಬೇಕೆಂದೂ ಅವಳೇ ತೀರ್ಮಾನಿಸಿದ್ದಳು.

*

ಹದಿನೈದು ವರ್ಷ ತನ್ನ ಮಗನನ್ನು ಒಬ್ಬ ಮನುಷ್ಯ ಹೀಗೆ ಕಾಯುತ್ತಿದ್ದ, ತನಗೆ ಗೊತ್ತೇ ಇರಲಿಲ್ಲ. ಗ್ರೇಸಿಗೆ ಗಂಡನ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು, ಸಿಟ್ಟೂ ಬಂತು. ಹನ್ನೆರಡು ಗಂಟೆಯಾಗಿತ್ತು. ಮತ್ತೆ ನಂಬರು ಒತ್ತಿದಳು. ಸ್ವಿಚ್ ಆಫ್.

"ಈ ಯುದ್ಧ ಮುಗಿಯುವುದು ಯಾವಾಗ ಮೋನುಚ್ಚ?"

ಅವನು ನೋಟ್‌ಬುಕ್ ಮುಚ್ಚಿದ. ಅವಳು ಇನ್ನೊಮ್ಮೆ ಕೇಳಿದಳು.

"ಇಬ್ಬರಲ್ಲಿ ಒಬ್ಬ ಮೇಜು ಬಿಟ್ಟು ಎದ್ದು ಹೋದರೆ ಮುಗೀತು. ಪುಸ್ತಕದಲ್ಲಿ ಹಾಗೆ ಉಂಟು."

ಹಾಲ್‌ನಲ್ಲಿ ವಲೇರಿಯನ್‌ನಿಗೆ ಕೋಟು ತೊಡಿಸಿ ಮುಗಿದಿತ್ತು. ಗುಂಡಿ ಹಾಕುತ್ತಿದ್ದರು. ಮೇಜು ಬಿಟ್ಟು ಎದ್ದು ಹೋದವನು ಅವನೇ. ಮೊಯಿನುದ್ದೀನ್ ಬೆಳಿಗ್ಗೆಯಿಂದ ಅಂಗಳದಲ್ಲಿ ಯಾಕೆ ಹಾಗೆ ಕೂತಿದ್ದನೆಂದು ಗ್ರೇಸಿಗೆ ಈಗ ತಿಳಿಯಿತು. ಅವನೂ ವಿಮಾನದ ಹೊತ್ತನ್ನೇ ಎಣಿಸುತ್ತಿದ್ದ.

ಅವಳು ಟ್ರಂಕಿನ ಮೂಲೆಯಿಂದ ದಾಳ ಹುಡುಕಿ ತೆಗೆದು ಅವನ ಮುಂದೆ ಚಾಚಿದಳು. "ಹಾಕಿ. ಆರರಲ್ಲಿ ಒಂದು ತಾನೆ. ಎಂತ ಬೀಳ್ತದೆ ನೋಡುವಾ."

ಮೊಯಿನುದ್ದೀನ್ ದಾಳವನ್ನು ಅಂಗೈಗೆ ತೆಗೆದುಕೊಂಡ. "ಬರೀ ಆಟ ಗ್ರೇಸಿಬಾಯಿ," ಎಂದ. "ಆದ್ರೆ ನನ್ನಿಂದ ಆಗುದಿಲ್ಲ. ನೀವು ಹಾಕಿ."

ಅವಳು ಅದನ್ನು ವಾಪಸು ತೆಗೆದುಕೊಂಡು ಟ್ರಂಕಿಗೆ ಹಾಕಿ ಮುಚ್ಚಳ ಮುಚ್ಚಿದಳು. ಅವಳಿಂದಲೂ ಆಗಲಿಲ್ಲ.

ಒಂದು ಗಂಟೆಗೆ ಡೀನ್‌ನ ಫೋನು ಬಂತು. ತಡವಾಗಿ ಹೊರಟ ವಿಮಾನವನ್ನು ಬಜ್ಪೆಯ ಮೇಲೆ ದಟ್ಟ ಮೋಡ ಕವಿದದ್ದರಿಂದ ಕಣ್ಣೂರಿಗೆ ತಿರುಗಿಸಿದ್ದರು, ಟ್ಯಾಕ್ಸಿ ಮಾಡಿಕೊಂಡು ಬರುತ್ತೇನೆ ಎಂದ. ಗ್ರೇಸಿಗೆ ಹೋದ ಜೀವ ಬಂದಂತಾಗಿ ಅದು ಅರ್ಧ ನಿಮಿಷವೂ ನಿಲ್ಲಲಿಲ್ಲ. ಕಣ್ಣೂರಿನಿಂದ ಹೊಸಂಗಡಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೆದ್ದಾರಿ, ಎದುರಿನಿಂದ ಗ್ಯಾಸ್ ಟ್ಯಾಂಕರುಗಳು. ಮೆಲ್ಲ ಬಾ ಎಂದು ಅವಳು ಹೇಳಿದಳು. ತಡ ಆಗ್ತದೆ ಮಮ್ಮಿ ಎಂದ ಮಗ. ಆದರೆ ಆಗಲಿ, ನಿನ್ನ ಡ್ಯಾಡಿ ಎಲ್ಲಿಗೂ ಹೋಗುವುದಿಲ್ಲ ಎಂದಳು. ಹಾಲ್‌ನಲ್ಲಿದ್ದವರು ತಿರುಗಿ ನೋಡಿದರು.

ಆಮೇಲೆ ಹೊತ್ತು ಹೋಗಲೇ ಇಲ್ಲ. ಮೊಯಿನುದ್ದೀನ್ ಗೇಟಿನ ಹೊರಗೆ ರಸ್ತೆ ಬದಿಯಲ್ಲಿ ನಿಂತಿದ್ದ. ಊಟಕ್ಕೆ ಕರೆದರೂ ಬರಲಿಲ್ಲ. ಶವಪೆಟ್ಟಿಗೆ ಇಗರ್ಜಿಗೆ ಹೋಯಿತು, ಪೂಜೆ ಶುರುವಾಯಿತು. ಗ್ರೇಸಿ ಮುಂದಿನ ಬೆಂಚಿನಲ್ಲಿ ಕೂತು ಬಾಗಿಲ ಕಡೆಗೇ ನೋಡುತ್ತಿದ್ದಳು. ಪಾದ್ರಿಯವರು ವಲೇರಿಯನ್‌ನನ್ನು ಶಾಂತ ಸ್ವಭಾವದ, ಯಾರ ತಂಟೆಗೂ ಹೋಗದ ಮನುಷ್ಯ ಎಂದರು. ಪರಮಪ್ರಸಾದ ಹಂಚುವ ಹೊತ್ತಿಗೆ ಡೀನ್ ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಒಳಗೆ ಬಂದ. ಅವನ ಹಿಂದೆಯೇ ಬಂದ ಮೊಯಿನುದ್ದೀನ್ ಬಾಗಿಲ ಬಳಿ ನಿಂತ. ಗ್ರೇಸಿ ಮಗನ ಮುಖ, ಕುತ್ತಿಗೆ, ತೋಳು ಮುಟ್ಟಿ ನೋಡಿದಳು. ಎಲ್ಲವೂ ಇದ್ದವು.

ಸ್ಮಶಾನದಲ್ಲಿ ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಿದರು. ಹೊಸದಾಗಿ ತೋಡಿದ ಕೆಂಪು ಮಣ್ಣು ಹೊಂಡದ ಅಂಚಿನಲ್ಲಿ ಸಡಿಲವಾಗಿತ್ತು. ಪಾದ್ರಿಯವರು ಮಣ್ಣು ಹಾಕಿ, ಹಿರಿಯ ಮಗನೆಂದು ಡೀನ್‌ನನ್ನು ಕರೆದರು. ಡೀನ್ ಒಂದು ಹಿಡಿ ಮಣ್ಣೆತ್ತಿ ಅಂಚಿಗೆ ಹೋಗಿ ಬಾಗಿದ. ಅವನ ಶೂವಿನ ಅಡಿಯಿಂದ ಒಂದು ಹೆಂಟೆ ಉರುಳಿ ಪೆಟ್ಟಿಗೆಯ ಮೇಲೆ ದೊಪ್ಪೆಂದು ಬಿತ್ತು.

ಗ್ರೇಸಿ ಎರಡೂ ಕೈಯಿಂದ ಅವನ ಅಂಗಿಯ ಬೆನ್ನು ಹಿಡಿದಳು. ಬಟ್ಟೆ ಮುಷ್ಟಿಯಲ್ಲಿ ಸುತ್ತಿಕೊಂಡಿತು, ಗುಂಡಿಗಳು ಬಿಗಿದವು. ಬಿಡು ಮಮ್ಮಿ ಎಂದ ಡೀನ್, ನಾಚಿಕೆಯಿಂದ. ಅವಳು ಬಿಡಲಿಲ್ಲ. ಅವನು ಮಣ್ಣು ಹಿಡಿದ ತೋಳನ್ನು ಮುಂದೆ ಚಾಚಲು ನೋಡಿದ, ಅದೂ ಬರಲಿಲ್ಲ. ತಿರುಗಿ ನೋಡಿದರೆ ಆ ತೋಳನ್ನು ಬಗಲಿಗೆ ಒತ್ತಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಮೋನುಚ್ಚ ನಿಂತಿದ್ದ. ಪಾದ್ರಿಯವರು ಪುಸ್ತಕದಿಂದ ತಲೆಯೆತ್ತಿ ಕಾದರು. ಡೀನ್‌ನ ಮುಷ್ಟಿಯಲ್ಲಿದ್ದ ಮಣ್ಣು ಬೆರಳ ಸಂದಿನಿಂದ ಸ್ವಲ್ಪ ಸ್ವಲ್ಪವೇ ಸುರಿಯುತ್ತಿತ್ತು.