ಗಸಿ ಕೂತ ಮೇಲೆ

"ಎಲ್ಲಿ ಬಚ್ಚಿಟ್ಟಿದ್ದೀಯ, ಹೇಳ್ಬಿಡು ಆದಿ. ನಾನಾಗೇ ಹುಡುಕಿ ತೆಗೆದ್ರೆ ಸರಿ ಇರಲ್ಲ."

ದೊಡ್ಡಮುನಿಯಪ್ಪ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ, ಮುಚ್ಚಳ ತೆಗೆದು ಮೂಸುತ್ತಿದ್ದ. ಹುರುಳಿ, ಅವರೆಬೇಳೆ, ಒಣಮೆಣಸಿನಕಾಯಿ. ರಾಗಿಹಿಟ್ಟಿನ ಡಬ್ಬಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ತಳ ಕೆದಕಿದ. ಏನೂ ಸಿಗಲಿಲ್ಲ. ಅವನ ಹೆಂಡತಿ ಆದಿಲಕ್ಷ್ಮಿ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತು ಎರಡನೇ ಚೊಂಬು ನೀರು ಕುಡಿದು ಮುಗಿಸಿದಳು.

"ಸಿಹಿ ತಿಂದಿಲ್ಲ ಅಂದೆನಲ್ರೀ. ದೇವರಾಣೆ."

"ಹಂಗಾದ್ರೆ ನೀನು ಒಂದಕ್ಕೆ ಹೋದ ಬಚ್ಚಲಲ್ಲಿ ಇರುವೆ ಯಾಕೆ ಮುತ್ತಿದಾವೆ? ಬೆಳಿಗ್ಗೆ ಪರೀಕ್ಷೆ ಮಾಡಿದ್ರೆ ನೀಲಿ. ಮಧ್ಯಾಹ್ನ ನೋಡಿದ್ರೆ ಇರುವೆ. ನಡುವೆ ಸಕ್ಕರೆ ಆಕಾಶದಿಂದ ಉದುರ್ತಾ?"

ಅವನು ರೇಷನ್ನಿನ ಸಕ್ಕರೆ ಪೊಟ್ಟಣವನ್ನೂ ಹಬ್ಬಕ್ಕೆಂದು ತಂದಿದ್ದ ಬೆಲ್ಲದ ಅಚ್ಚನ್ನೂ ಟ್ರಂಕಿಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಮೂವತ್ತಾರು ವರ್ಷದ ಹೆಂಗಸು ಅದನ್ನು ಸುಮ್ಮನೆ ನೋಡುತ್ತಾ ಕೂತಿದ್ದಳು. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಅವಳಲ್ಲಿ ಇದ್ದಂತಿರಲಿಲ್ಲ.

ಹಲಸೂರಿನ ರೇಷ್ಮೆ ನೇಯುವವರಲ್ಲಿ, ನೂಲಿಗೆ ಬಣ್ಣ ಹಾಕುವ ದೊಡ್ಡಮುನಿಯಪ್ಪನ ಕಣ್ಣಿಗೆ ದೊಡ್ಡ ಹೆಸರಿತ್ತು. ಹೋದ ವರ್ಷದ ಸೀರೆಯ ಅಂಚಿನ ಬಣ್ಣವನ್ನು ಈ ವರ್ಷ ನೆನಪಿನಿಂದಲೇ ಹಾಗೇ ತರುತ್ತಿದ್ದ. ನವಿಲುಗೊರಳು ಎಲ್ಲಿ ಮುಗಿಯಿತು, ಆನಂದ ನೀಲಿ ಎಲ್ಲಿ ಶುರುವಾಯಿತು ಎಂಬ ಜಗಳ ಬಂದರೆ ತೀರ್ಪು ಅವನದೇ. ಅಂಥ ಕಣ್ಣು ಬೆಂಗಳೂರಿನಲ್ಲೇ ಇನ್ನೊಂದಿಲ್ಲ ಎಂದು ಮೊದಲು ಹೇಳಿದವರು ಯಾರೋ, ಹೆಚ್ಚು ಸಲ ಹೇಳಿದವನಂತೂ ಅವನೇ.

ಆದಿಲಕ್ಷ್ಮಿಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾಗಿ ಆಗ ನಾಲ್ಕು ತಿಂಗಳಾಗಿತ್ತು. ಫ್ರೇಜರ್ ಟೌನಿನಲ್ಲಿ ಎರಡು ಮಂಚದ ದವಾಖಾನೆ ಇಟ್ಟಿದ್ದ ಡಾಕ್ಟರ್ ಸಂಜೀವಪ್ಪನವರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದ್ದರು.

"ಇದರಲ್ಲಿ ಎರಡು ಬಗೆ ಇದೆ. ಚಿಕ್ಕವರಿಗೆ ಬರೋದು ಒಂದು, ಅದಕ್ಕೆ ಇನ್ಸುಲಿನ್ ಸೂಜಿ ಇಲ್ಲದಿದ್ರೆ ಜೀವ ಉಳಿಯಲ್ಲ. ವಯಸ್ಸಾದ ದಪ್ಪನೆಯವರಿಗೆ ಬರೋದು ಇನ್ನೊಂದು, ಅದು ಪಥ್ಯದಲ್ಲೇ ಹಿಡಿತಕ್ಕೆ ಬಂದ್ರೂ ಬರಬಹುದು. ಈಕೆ ಎರಡಕ್ಕೂ ಸೇರಲ್ಲ. ಯಾವುದು ಅಂತ ನನಗೂ ಗೊತ್ತಾಗ್ತಿಲ್ಲ. ಸೂಜಿ ಹಾಕೋಣ. ದಿನಾ ಬೆಳಿಗ್ಗೆ ಪರೀಕ್ಷೆ ಮಾಡಿ ಬಣ್ಣ ಬರೆದಿಡಿ. ನೀಲಿಯಾಗೇ ಇದ್ರೆ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿ ನೋಡೋಣ."

ಪರೀಕ್ಷೆ ಹೇಳಿಕೊಡಲು ಕೂತವನು ಕಾಂಪೌಂಡರ್ ಗಯಾಜ್. ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಎಂಟು ತೊಟ್ಟು ಮೂತ್ರ, ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ಸಕ್ಕರೆ ಇಲ್ಲದಿದ್ದರೆ ನೀಲಿ ಹಾಗೇ ಇರುತ್ತದೆ. ಇದ್ದರೆ ಹಸಿರು, ಹಳದಿ, ಹೆಚ್ಚಾದರೆ ಇಟ್ಟಿಗೆ ಕೆಂಪು.

"ಇದು ಮೈಲುತುತ್ತ ತಾನೇ?" ಎಂದ ದೊಡ್ಡಮುನಿಯಪ್ಪ ಸೀಸೆಯನ್ನು ಬೆಳಕಿಗೆ ಹಿಡಿದು.

"ಹೌದು ಯಜಮಾನ್ರೇ, ಭಾರಿ ಗೊತ್ತು ನಿಮಗೆ. ಈಗ ಬಣ್ಣ ನೋಡೋದು ಹೆಂಗಂದ್ರೆ..."

"ಲೋ ಗಯಾಜ್, ಬಣ್ಣ ನೋಡೋದು ನೀನು ನನಗೆ ಹೇಳ್ಕೊಡ್ತೀಯಾ?"

ಗಯಾಜ್ ನಕ್ಕು, ಅದನ್ನು ಅಲ್ಲಿಗೇ ಬಿಟ್ಟು ಸಿರಿಂಜು ಎತ್ತಿಕೊಂಡ. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು.

ಉಳಿದದ್ದನ್ನೆಲ್ಲ ದೊಡ್ಡಮುನಿಯಪ್ಪ ಶ್ರದ್ಧೆಯಿಂದಲೇ ಕಲಿತ. ಗಾಜಿನ ಸಿರಿಂಜನ್ನು ಕುದಿಸುವುದು, ಮದ್ದಿನ ಸೀಸೆಯನ್ನು ಒದ್ದೆ ಮರಳಿನ ಮಡಕೆಯಲ್ಲಿ ತಣ್ಣಗಿಡುವುದು, ತೊಡೆಯ ಚರ್ಮವನ್ನು ಚಿವುಟಿ ಹಿಡಿದು ಸೂಜಿ ಇಳಿಸುವುದು. ಮೊದಲ ದಿನ ಅವಳೇ ಅವನಿಗೆ ಧೈರ್ಯ ಹೇಳಬೇಕಾಯಿತು. ದಿನಾ ಬೆಳಿಗ್ಗೆ ನಳಿಕೆ ಕುದಿಸಿ ಕಿಟಕಿಯ ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಸ್ನಾನ ಮುಗಿಸಿ ಬಂದು ನೋಡುತ್ತಿದ್ದ. ಬಣ್ಣದ ಹಂಡೆಯ ಮುಂದೆ ಅಪ್ಪ ಕಲಿಸಿದ ಮೊದಲ ಪಾಠವೇ ಅದು: ಕಲಕಿದ ನೀರಿನಲ್ಲಿ ಬಣ್ಣ ನೋಡಬಾರದು, ಗಸಿ ತಳಕ್ಕೆ ಕೂತ ಮೇಲೆ ತಿಳಿ ನೋಡಬೇಕು. ತಿಳಿ ನೀಲಿಯಾಗಿರುತ್ತಿತ್ತು. ಪುಸ್ತಕದಲ್ಲಿ ದುಂಡಗೆ 'ನೀಲಿ' ಎಂದು ಬರೆಯುತ್ತಿದ್ದ.

ಸೋಮವಾರಕ್ಕೊಮ್ಮೆ ಪುಸ್ತಕ ಹಿಡಿದು ದವಾಖಾನೆಗೆ ಹೋಗುತ್ತಿದ್ದವನೂ ಅವನೊಬ್ಬನೇ. ಡಾಕ್ಟರು ಪುಟ ತಿರುವಿ ಸಂತೋಷಪಟ್ಟರು. ಇಪ್ಪತ್ತು ಯೂನಿಟ್ ಹದಿನೈದಾಯಿತು, ಹತ್ತಾಯಿತು, ಮೊನ್ನೆ ಸೋಮವಾರಕ್ಕೆ ಪೂರ್ತಿ ನಿಂತೇಹೋಯಿತು. ಅಂದು ದೊಡ್ಡಮುನಿಯಪ್ಪ ಹೆಂಡತಿಗೆ ಎರಡು ಮೊಳ ಮಲ್ಲಿಗೆ ತಂದಿದ್ದ. ಮೂರೇ ದಿನಕ್ಕೆ ಅವಳ ಬಾಯಾರಿಕೆ ತಿರುಗಿ ಬಂತು, ಬಚ್ಚಲಿಗೆ ಇರುವೆಯೂ ಬಂತು. ಅವನು ಡಬ್ಬಿಗಳನ್ನು ಇಳಿಸಿ ಹುಡುಕಿದ್ದು ಆಗಲೇ.

ಬೀಗ ಹಾಕಿದ ಮಾರನೇ ಬೆಳಿಗ್ಗೆ ಆದಿಲಕ್ಷ್ಮಿ ಹಾಸಿಗೆಯಿಂದ ಏಳಲೇ ಇಲ್ಲ. ಎರಡು ಸಲ ವಾಂತಿ ಮಾಡಿಕೊಂಡಳು. ಉಸಿರು ಉದ್ದುದ್ದ ಎಳೆಯುತ್ತಿದ್ದಳು, ಅದರಲ್ಲಿ ಕೊಳೆತ ಹಣ್ಣಿನ ವಾಸನೆ. ಅವನು ಜಟಕಾದಲ್ಲಿ ಅವಳ ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ದವಾಖಾನೆಗೆ ಬಂದ. ಡಾಕ್ಟರು ತಕ್ಷಣ ಅವಳನ್ನು ಒಳಗೆ ಸಾಗಿಸಿದರು.

ಗಯಾಜ್ ನಳಿಕೆ ಕುದಿಸಿದ. ನೀಲಿ ನೋಡನೋಡುತ್ತಲೇ ಕೆಂಪಾಯಿತು. ಅವನು ಅದನ್ನು ಕಲಕಿ ಬೆಳಕಿಗೆ ಹಿಡಿದ.

"ಇನ್ನೂ ಗಸಿ ಕೂತಿಲ್ಲ," ಎಂದ ದೊಡ್ಡಮುನಿಯಪ್ಪ. "ಕಲಕ್ಬೇಡ. ಸ್ವಲ್ಪ ಹೊತ್ತು ಬಿಡು, ಮೇಲೆ ನೀಲಿ ಬರುತ್ತೆ."

ಗಯಾಜ್ ಅವನ ಮುಖವನ್ನೇ ನೋಡಿದ. "ಗಸಿ ಕೂರೋದಾ? ಯಾ ಅಲ್ಲಾ! ಗಸೀನೇ ಸಕ್ಕರೆ ಲೆಕ್ಕ ಯಜಮಾನ್ರೇ. ಕಲಕಿ ನೋಡ್ಬೇಕು. ನೀವು ಮನೇಲಿ ಹೆಂಗೆ ನೋಡ್ತಿದ್ರಿ?"

ದೊಡ್ಡಮುನಿಯಪ್ಪ ಬೆಂಚಿನ ಮೇಲೆ ಕೂತ. ನಾಲ್ಕು ತಿಂಗಳ ಬೆಳಗುಗಳೆಲ್ಲ ಕಣ್ಣ ಮುಂದೆ ಬಂದವು. ತಳದಲ್ಲಿ ಕೂತ ಅರಿಶಿನದಂಥ ಗಸಿಯನ್ನು ಅವನು ದಿನಾ ಕಂಡಿದ್ದ, ಬಚ್ಚಲಿಗೆ ಚೆಲ್ಲಿ ನಳಿಕೆ ತೊಳೆದಿದ್ದ. ಅದಕ್ಕಿಂತ ಕೆಟ್ಟ ನೆನಪು ಇನ್ನೊಂದಿತ್ತು. ಕಳೆದ ಮೂರು ದಿನಗಳಿಂದ ಮೇಲಿನ ನೀಲಿಯೂ ಪೇಲವವಾಗಿತ್ತು. ಅಂಥ ಕಣ್ಣಿಗೆ ಅದು ಕಾಣದೆ ಇರಲು ಸಾಧ್ಯವೇ? ಕಂಡಿತ್ತು. ದ್ರಾವಣ ಹಳೆಯದಾಗಿರಬೇಕು ಎಂದುಕೊಂಡು 'ನೀಲಿ' ಎಂದೇ ಬರೆದಿದ್ದ. ಹೆಂಡತಿ ಕಳ್ಳಿಯಾಗಬಹುದು, ತನ್ನ ಕಣ್ಣು ತಪ್ಪಾಗಬಾರದು. ತಾನು ಇಷ್ಟು ದಿನ ಬದುಕಿದ್ದು ಇಂಥ ಬುದ್ಧಿಯಲ್ಲೇ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಬಹಳ ಹೊತ್ತಾದ ಮೇಲೆ ಡಾಕ್ಟರು ಹೊರಗೆ ಬಂದರು. "ಉಳ್ಕೋತಾರೆ ಅನ್ಸುತ್ತೆ. ಈಗ ನಿಜ ಹೇಳಿ. ಆಕೆ ಕದ್ದು ಸಿಹಿ ತಿಂತಿದ್ರಾ? ತಿಂದು ಹೀಗಾಗಿದ್ರೆ ಹುಷಾರಾದ್ಮೇಲೆ ಮತ್ತೆ ಸೂಜಿ ನಿಲ್ಲಿಸಿ ನೋಡಬಹುದು. ತಿಂದಿಲ್ಲ ಅಂದ್ರೆ ನಾನು ಆ ಧೈರ್ಯ ಮಾಡಲ್ಲ."

ಗಯಾಜ್ ತಲೆ ತಗ್ಗಿಸಿಕೊಂಡು ಸೀಸೆಗಳನ್ನು ಒರೆಸುತ್ತಿದ್ದ. ದೊಡ್ಡಮುನಿಯಪ್ಪ ಹೂಂ ಎಂದಿದ್ದರೆ ಸಾಕಿತ್ತು. ಹಲಸೂರಿನಲ್ಲಿ ಅವನ ಕಣ್ಣಿನ ಹೆಸರು ಹಾಗೇ ಉಳಿಯುತ್ತಿತ್ತು.

"ತಿಂದಿಲ್ಲ ಸ್ವಾಮಿ," ಎಂದ. "ಒಂದು ಚೂರೂ ತಿಂದಿಲ್ಲ. ನಾನೇ ಬಣ್ಣ ತಪ್ಪಾಗಿ ಬರ್ದೆ. ಮೊದಲ್ನೇ ದಿನದಿಂದ್ಲೂ ತಪ್ಪು."

ಡಾಕ್ಟರು ಬೈಯುತ್ತಾರೆಂದು ಕಾದ. ಅವರು ಪುಸ್ತಕ ಇಸಿದುಕೊಂಡು ಪುಟಗಳಿಗೆಲ್ಲ ಉದ್ದಕ್ಕೆ ಗೀಟು ಎಳೆದರು. "ಹಂಗಾದ್ರೆ ನಮಗೇನೂ ಗೊತ್ತಿಲ್ಲ ಅಂತಾಯ್ತು. ಯಾವ ಬಗೆ ಅಂತ ಇನ್ನೂ ಹೇಳಕ್ಕಾಗಲ್ಲ. ಸೂಜಿ ಬಿಡೋ ಹಾಗಿಲ್ಲ. ಮೊದಲಿಂದ ಶುರು ಮಾಡೋಣ," ಎಂದರು.

ಸಂಜೆ ಹೆಂಡತಿ ಕಣ್ಣು ಬಿಟ್ಟಾಗ ಅವನು ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದ. ಗಸಿ, ತಿಳಿ, ಪೇಲವವಾದ ನೀಲಿ, ಒಂದನ್ನೂ ಮುಚ್ಚಿಡಲಿಲ್ಲ. ಅವಳು ಚಾವಣಿ ನೋಡುತ್ತಾ ಕೇಳಿಸಿಕೊಂಡಳು.

"ಅಯ್ಯೋ, ನಾನು ಏನೇನೋ ಅನ್ಕೊಂಡಿದ್ದೆ ಕಣ್ರೀ," ಎಂದಳು ಮೆಲ್ಲಗೆ. "ನಿಮ್ ಕಣ್ಣು ತಪ್ಪಲ್ವಲ್ಲ. ನಾನೇ ನಿದ್ದೆಗಣ್ಣಲ್ಲಿ ಎದ್ದು ತಿಂತಿದ್ದೀನೇನೋ ಅಂತ. ಮಲಗೋಕೇ ಹೆದರಿಕೆ ಆಗ್ತಿತ್ತು."

ಅವನು ಅವಳ ಸೆರಗಿನ ತುದಿ ಹಿಡಿದುಕೊಂಡು ಅತ್ತ. ಅವಳು ಬೇಡವೆನ್ನಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

ಮನೆಗೆ ಬಂದ ಮಾರನೇ ಬೆಳಿಗ್ಗೆ ಅವನು ನಳಿಕೆ ಕುದಿಸಿ, ಕಲಕಿ, ಅವಳ ಕೈಗೆ ಕೊಟ್ಟ. ತಾನು ಹೊಸ ಪುಸ್ತಕ ತೆರೆದು ಸೀಸದ ಕಡ್ಡಿ ಹಿಡಿದು ಕೆಳಗೆ ಕೂತ.

"ಏನು ಬಣ್ಣ ಆದಿ?"

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಬಣ್ಣ ಕೇಳಿದ್ದು ಅದೇ ಮೊದಲು. ಅವಳು ಕಿಟಕಿಯ ಬಿಸಿಲಿಗೆ ನಳಿಕೆ ಹಿಡಿದಳು. ಆಮೇಲೆ, ಸರಿಯೋ ತಪ್ಪೋ ಎನ್ನುವಂತೆ ಅವನ ಮುಖ ನೋಡಿದಳು. ಅವನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅವಳು ಮತ್ತೆ ನಳಿಕೆಯ ಕಡೆ ತಿರುಗಿ, ಈ ಸಲ ಹೆಚ್ಚು ಹೊತ್ತು ನೋಡಿದಳು.

"ಹಸಿರು," ಎಂದಳು.

ಅವನು ಬರೆದುಕೊಂಡ.