ಪರದೆಯ ಹಿಂದಿನ ಪೇರಲ

ಗುರುಪಾದ ಕಾಕಾನ ಮಾತು ಒಂದೇ ಆಗಿತ್ತು. ದೀಪಾವಳಿವರೆಗೆ ನೋಡುವುದು, ಆಮೇಲೆ ಖೋಲಿಯನ್ನು ಮೊಬೈಲ್ ಅಂಗಡಿಯವನಿಗೆ ಬಿಟ್ಟುಕೊಡುವುದು.

ಗೋಕಾಕದ ಪೇಟೆಯಲ್ಲಿ ಆ ಒಂದೇ ಕೋಣೆಯ ಅಂಗಡಿಗೆ ‘ಹಣ್ಣಿನ ಖೋಲಿ’ ಎಂದೇ ಹೆಸರು. ಹಗುರ ಕಟ್ಟಿಗೆಯಲ್ಲಿ ಮಾವು, ಪೇರಲ, ಬಾಳೆ, ಸೀತಾಫಲ ಕೆತ್ತಿ ಬಣ್ಣ ಹಚ್ಚುವ ಕೆಲಸ ಕಾಕಾನ ಅಪ್ಪನ ಕಾಲದಿಂದ ನಡೆದು ಬಂದಿತ್ತು. ಮದುವೆಯ ಬುಟ್ಟಿಗೆ, ಷೋಕೇಸಿಗೆ ಎಂದು ಒಯ್ಯುತ್ತಿದ್ದವರು ಈಗೀಗ ಪ್ಲಾಸ್ಟಿಕ್ ಹಣ್ಣು ಒಯ್ಯುತ್ತಿದ್ದರು. ಕಾಕಾನ ಅಣ್ಣನ ಮಗಳು ದಾಕ್ಷಾಯಿಣಿ ಬೆಳೆದದ್ದೇ ಆ ಖೋಲಿಯ ವಾರ್ನಿಶ್ ವಾಸನೆಯಲ್ಲಿ. ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿ ಈಗ ಹುಕ್ಕೇರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಯುಗಾದಿಯ ಮರುದಿನ ಅವಳು ಕಾಕಾನೆದುರು ನಿಂತು ಮಾತು ಕೊಟ್ಟಿದ್ದಳು.

“ವೆಬ್‌ಸೈಟ್ ಮಾಡ್ತೇನ್ರಿ ಕಾಕಾ. ದೀಪಾವಳಿಯೊಳಗ ಕೈ ತುಂಬ ಕೆಲಸ ಬರಲಿಲ್ಲಂದ್ರ, ಖೋಲಿ ಕೀಲಿ ನಾನ ಒಯ್ದು ಆ ಮೊಬೈಲ್ ಅಂಗಡಿಯವನ ಕೈಯಾಗ ಕೊಡ್ತೇನಿ.”

ಮೂಡಲಗಿಯಲ್ಲಿ ಮಾಲಿಂಗನೆಂಬವನದು ಕಂಪ್ಯೂಟರ್ ಅಂಗಡಿ. ಮದುವೆ ನಡೆಯುವ ಮಂಗಲ ಕಾರ್ಯಾಲಯಗಳಿಗೆ ವೆಬ್‌ಸೈಟ್ ಮಾಡಿ ರೂಢಿಯಾದವನು. ಅವನು ಖೋಲಿಗೆಂದು ಮಾಡಿಕೊಟ್ಟ ಮೊದಲ ಪುಟ ತೆರೆದರೆ ಶಹನಾಯಿ ನುಡಿಯುತ್ತಿತ್ತು, ಮೇಲಿನಿಂದ ಹೂವು ಉದುರುತ್ತಿದ್ದವು, ಪಟಗಾ ಸುತ್ತಿದ ಕಾಕಾ ಕೈಮುಗಿಯುತ್ತಿದ್ದ. ಕಾಕಾನಿಗೆ ಬಹಳ ಹಿಡಿಸಿತು. ದಾಕ್ಷಾಯಿಣಿ ಮುಂದಿನ ರವಿವಾರ ಮೂಡಲಗಿಯ ಬಸ್ಸಿನಲ್ಲಿ ಅರಭಾವಿಯಲ್ಲಿ ಹತ್ತಿದ ತೋಟಗಾರಿಕೆ ಕಾಲೇಜಿನ ಹುಡುಗಿಯೊಬ್ಬಳಿಗೆ ಆ ಪುಟ ತೆರೆಯಲು ಹೇಳಿ, ತನ್ನ ಕೈಗಡಿಯಾರ ನೋಡುತ್ತ ಕೂತಳು. ಹತ್ತೊಂಬತ್ತು ಸೆಕೆಂಡಿಗೂ ಪುಟ ಪೂರ್ತಿ ಬರಲಿಲ್ಲ. ಹುಡುಗಿ ಸಾಕಾಗಿ ಮುಚ್ಚಿದಳು.

ಅಂದೇ ಮಾಲಿಂಗನ ಅಂಗಡಿಯಲ್ಲಿ ಕೂತು ಹೂವು ಉದುರುವುದನ್ನು ನಿಲ್ಲಿಸಿದಳು. ಶಹನಾಯಿ ಹೋಯಿತು. ಕಾಕಾನ ಫೋಟೊ ಸಣ್ಣದಾಗಿ ಕೆಳಗೆ ಸರಿಯಿತು. ಮೇಲೆ ‘ಹಣ್ಣಿನ ಖೋಲಿ, ಗೋಕಾಕ’ ಎಂಬ ಹೆಸರು, ನಡುವೆ ಎಂಟು ಹಣ್ಣುಗಳ ಸ್ವಚ್ಛ ಫೋಟೊ, ಒತ್ತಿದರೆ ನೇರ ಫೋನ್ ಹೋಗುವ ನಂಬರು, ಗಿರಾಕಿಗಳು ನಕ್ಷತ್ರ ಕೊಟ್ಟು ಅಭಿಪ್ರಾಯ ಬರೆಯುವ ಜಾಗ, ಇಷ್ಟೇ ಉಳಿಯಿತು. “ಅಕ್ಕಾರ, ಇದೇನ್ರಿ, ಹೆಣ ಹೋದ ಮನಿ ಆದಂಗ ಆತು,” ಎಂದು ಮಾಲಿಂಗ ಗೊಣಗಿದ. ಮುಂದಿನ ರವಿವಾರದ ಬಸ್ಸಿನಲ್ಲಿ ಪುಟ ಮೂರೇ ಸೆಕೆಂಡಿಗೆ ತೆರೆಯಿತು. ಆ ದಿನ ಪಕ್ಕದಲ್ಲಿ ಕೂತಿದ್ದವಳು ಬೇರೆ ಊರಿನಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿ. ಪೇರಲದ ಫೋಟೊವನ್ನು ಹಿಗ್ಗಿಸಿ ನೋಡಿ, ಇದು ಯಾವ ತಳಿ ಅಕ್ಕಾ ಎಂದು ಕೇಳಿದಳು. ದಾಕ್ಷಾಯಿಣಿ ನಕ್ಕುಬಿಟ್ಟಳು. ನೋಟ್‌ಬುಕ್ಕಿನಲ್ಲಿ ಮೂರು ಸೆಕೆಂಡು ಎಂದು ಬರೆದುಕೊಂಡಳು. ಹುಡುಗಿಯ ಪ್ರಶ್ನೆಯನ್ನು ಬರೆದುಕೊಳ್ಳಲಿಲ್ಲ.

ಬರೆದುಕೊಳ್ಳಬೇಕಿತ್ತು ಎಂದು ಅವಳಿಗೆ ತಿಳಿದದ್ದು ಎರಡು ತಿಂಗಳ ಮೇಲೆ. ಪುಟಕ್ಕೆ ಜನ ಬರುತ್ತಿದ್ದರು, ಫೋನೂ ಬರುತ್ತಿದ್ದವು, ಆದರೆ ಕೇಳುವುದು ಮಾತ್ರ ಕೆ.ಜಿ. ಲೆಕ್ಕದಲ್ಲಿ. ಜ್ಯೂಸ್ ಅಂಗಡಿಯವನೊಬ್ಬ ಮಾವಿನ ದರ ಕೇಳಿದ. ಇನ್ನೊಬ್ಬಳು ಬಾಳೆಹಣ್ಣಿಗೆ ಔಷಧ ಹೊಡೆದಿಲ್ಲವಷ್ಟೇ ಎಂದು ಖಾತ್ರಿ ಮಾಡಿಕೊಂಡಳು. ಕೊನೆಗೊಂದು ಖರೆ ಆರ್ಡರು ಬಂತು. ತುಮಕೂರಿನ ಒಬ್ಬರು ಒಂದು ಡಜನ್ ಸೀತಾಫಲ ತರಿಸಿಕೊಂಡರು. ನಾಲ್ಕನೆಯ ದಿನ ಪುಟದ ಕೆಳಗೆ ಒಂದು ನಕ್ಷತ್ರ ಕೊಟ್ಟು ಬರೆದಿದ್ದರು: ಹಣ್ಣು ಎಂದು ಹೇಳಿ ಕಟ್ಟಿಗೆ ಕಳಿಸಿದ್ದಾರೆ, ಶುದ್ಧ ಮೋಸ.

ದಾಕ್ಷಾಯಿಣಿ ಅದನ್ನು ಓದಿ ಹೇಳುವಾಗ ಅವಳ ಕಿವಿ ಬಿಸಿಯಾಗಿತ್ತು. ಕಾಕಾನ ಮುಖ ಮಾತ್ರ ಅರಳುತ್ತ ಹೋಯಿತು.

“ಮುಟ್ಟಿ ನೋಡೂತನಾ ಅವಂಗ ಗೊತ್ತ ಆಗಿಲ್ಲ ಅಂದ್ರ ನೋಡು,” ಎಂದ. “ಇದನ್ನ ಫ್ರೇಮ್ ಹಾಕಸು, ದಾಕ್ಷಿ. ನಮ್ಮಪ್ಪ ಇರಬೇಕಾಗಿತ್ತು.”

ತಪ್ಪು ಎಲ್ಲಿತ್ತೆಂದು ಆಗ ಅವಳಿಗೆ ಹೊಳೆಯಿತು. ಗೋಕಾಕದಲ್ಲಿ ಹಣ್ಣಿನ ಖೋಲಿ ಎಂದರೆ ಕಟ್ಟಿಗೆಯ ಹಣ್ಣೆಂದು ಎಲ್ಲರಿಗೂ ಗೊತ್ತು. ಮೂಡಲಗಿಯ ಮಾಲಿಂಗನಿಗೂ ಗೊತ್ತು. ಹೀಗಾಗಿ ಕಟ್ಟಿಗೆ ಎಂಬ ಮಾತನ್ನು ಇಡೀ ಪುಟದಲ್ಲಿ ಎಲ್ಲಿಯೂ ಬರೆಯಬೇಕೆಂದು ಯಾರಿಗೂ ಅನಿಸಿರಲಿಲ್ಲ. ತುಮಕೂರಿನವರಿಗೆ ಹಣ ವಾಪಸು ಕಳಿಸಿ, ಕ್ಷಮೆ ಕೇಳಿ, ಅವಳು ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆರೆದಳು. ಲ್ಯಾಬಿನ ಶಿಸ್ತು ಅವಳಿಗೆ ಅಂಟಿಕೊಂಡಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ, ಒಂದು ವಾರ ಕಾಯುವುದು, ಆಮೇಲೆ ಮುಂದಿನದು. ಮೊದಲ ವಾರ ಹೆಸರಿನ ಕೆಳಗೆ ‘ಕಟ್ಟಿಗೆಯಲ್ಲಿ ಕೆತ್ತಿದ ಹಣ್ಣುಗಳು’ ಎಂದು ದಪ್ಪಕ್ಷರದಲ್ಲಿ ಬರೆಸಿದಳು. ಕೆ.ಜಿ. ಕೇಳುವ ಫೋನು ಒಂಬತ್ತರಿಂದ ಆರಕ್ಕೆ ಇಳಿದವು. ಜನ ಓದುವುದಿಲ್ಲ, ನೋಡುತ್ತಾರೆ. ಎರಡನೆಯ ವಾರ ಹಣ್ಣಿನ ಬಾಜೂ ಬಣ್ಣದ ಕುಂಚ ಇಟ್ಟು ಫೋಟೊ ತೆಗೆದಳು. ಆ ವಾರ ಒಬ್ಬ ಹಿರಿಯರು ಫೋನ್ ಮಾಡಿ, ಹಣ್ಣಿಗೆ ಬಣ್ಣ ಹೊಡೆದು ಮಾರುವುದಲ್ಲದೆ ಅದರ ಫೋಟೊ ಬೇರೆ ಹಾಕುತ್ತೀರಲ್ಲ, ನಾಚಿಕೆ ಇಲ್ಲವೇ ಎಂದು ಬೈದರು.

ಉಳಿದದ್ದು ಒಂದೇ ದಾರಿ. ಬಣ್ಣವಿಲ್ಲದ ಹಣ್ಣನ್ನು ತೋರಿಸುವುದು.

ಅದಕ್ಕೆ ಅಡ್ಡವಾಗಿದ್ದದ್ದು ಖೋಲಿಯ ನಡುವಿನ ಪರದೆ. ಮುಂದೆ ಮಾರುವ ಜಾಗ, ಹಿಂದೆ ಕೆಲಸದ ಜಾಗ. ಕೊನೆಯ ವಾರ್ನಿಶ್ ಒಣಗುವವರೆಗೆ ಒಂದು ಹಣ್ಣೂ ಆ ಪರದೆ ದಾಟಬಾರದು, ಯಾವ ಗಿರಾಕಿಯೂ ಆಚೆ ಇಣುಕಬಾರದು. ಕಾಕಾನ ಅಪ್ಪ ಹಾಕಿದ ನಿಯಮ ಅದು. ದಾಕ್ಷಾಯಿಣಿ ಕೇಳಿದಾಗ ಕಾಕಾ ತಲೆ ಎತ್ತಲಿಲ್ಲ.

“ಬಣ್ಣ ಇಲ್ಲದ ಹಣ್ಣ ಅಂದ್ರ ಬರೇ ಮೈಯಾಗ ಇದ್ದಂಗ. ಮಂದಿ ಮುಂದ ಹೆಂಗ ನಿಲ್ಲಸಲಿ?”

ದೀಪಾವಳಿಗೆ ಆರು ವಾರ ಉಳಿದಿತ್ತು. ಅವಳು ಒಮ್ಮೆ ಕೇಳಿ ಸುಮ್ಮನಾಗುವವಳಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದಳು, ಮರುದಿನ ಹುಕ್ಕೇರಿ ಬಸ್ ಹಿಡಿಯುವ ಮೊದಲು ಕೇಳಿದಳು. ನೋಟ್‌ಬುಕ್ ತೆರೆದು ಯಾವ ವಾರ ಏನು ಬದಲಿಸಿದೆ, ಏನಾಯಿತು ಎಂದು ಸಾಲಾಗಿ ಓದಿದಳು. ಕಾಕಾ ಪ್ರತಿ ಸಲ ಅಪ್ಪನ ಹೆಸರು ಹೇಳಿ ಉಳಿ ಎತ್ತಿಕೊಳ್ಳುತ್ತಿದ್ದ.

ಇನ್ನೊಂದು ಸಲ ಕೇಳಿದಾಗ ಉತ್ತರ ಬಂದದ್ದು ಪರದೆಯ ಹಿಂದಿನಿಂದ. ಕಾಕಾನ ಹೆಂಡತಿ, ಚಿಗವ್ವ ಬಾಳವ್ವ, ಅಲ್ಲಿ ಎಂದಿನಂತೆ ಹುಣಸೆ ಬೀಜ ಅರೆದು, ಕಟ್ಟಿಗೆ ಹೊಟ್ಟು ಬೆರೆಸಿ ‘ಸರಿ’ ಎನ್ನುವ ಅಂಟು ಕಲಸುತ್ತಿದ್ದಳು. ಕೆತ್ತಿದ ಹಣ್ಣಿನ ಒರಟು ಮುಚ್ಚಿ ಚರ್ಮದಂಥ ನುಣುಪು ಕೊಡುವುದು ಆ ಸರಿಯೇ.

“ಮದುವಿಯಾಗಿ ನಲವತ್ತ ವರ್ಷ ಆತ್ರಿ,” ಎಂದಳು ಬಾಳವ್ವ. “ಪೇರಲಕ್ಕ ಆ ತೊಗಲ ಬಂದದ್ದು ಯಾರ ಕೈಲಿಂದ ಅಂತ ಒಬ್ಬ ಗಿರಾಕಿ ಕೇಳಿಲ್ಲ. ಕೇಳಾಕ ಅವರಿಗೆ ನಾ ಕಂಡ್ರ ಅಲ್ಲ? ಪರದಿ ಹಾಕಿ ನೀವು ಮುಚ್ಚಿದ್ದು ಹಣ್ಣ ಒಂದ ಅಲ್ಲ.”

ಕಾಕಾನ ಉಳಿ ನಿಂತಿತು. ಎದ್ದು ಹೊರಗೆ ಹೋದ. ಚಹಾ ಕುಡಿದು ಬರುವಷ್ಟು ಹೊತ್ತು ದಾಕ್ಷಾಯಿಣಿ ಅಲ್ಲಿಯೇ ಕಾದಳು. ಒಳಗೆ ಬಂದವನು ಸ್ಟೂಲ್ ಎಳೆದು, ಹತ್ತಿ, ಪರದೆಯ ದಾರ ಬಿಚ್ಚಿದ. ಬಟ್ಟೆಯನ್ನು ಮಡಚಿ ಹೆಂಡತಿಯ ತೊಡೆಯ ಮೇಲೆ ಇಟ್ಟ.

“ಕೈ ಅಷ್ಟ ತೊಳೀಬ್ಯಾಡ,” ಎಂದ. “ಸರಿ ಮೆತ್ತಿದ್ದು ಫೋಟೊದಾಗ ಕಾಣಲಿ.”

ಐದು ಫೋಟೊ ಆದವು. ಕೆತ್ತಿದ ಬರಿ ಕಟ್ಟಿಗೆ, ಬಾಳವ್ವನ ಕೈಯಲ್ಲಿ ಸರಿ ಮೆತ್ತಿದ ಪೇರಲ, ಬಿಳಿ ಬಳಿದದ್ದು, ಹಸಿರು ಹಚ್ಚಿದ್ದು, ಕಡೆಗೆ ವಾರ್ನಿಶ್ ಹೊಳಪಿನದು. ಪುಟ ತೆರೆದರೆ ಮೊದಲು ಕಾಣುವುದು ಅವೇ ಐದು, ಒಂದರ ಪಕ್ಕ ಒಂದು. ಕೆಳಗೆ ಇಬ್ಬರ ಹೆಸರು. ಆ ವಾರ ಕೆ.ಜಿ. ಕೇಳಿದವರು ಯಾರೂ ಇರಲಿಲ್ಲ. ಮುಂದಿನ ವಾರ ಫೋನೇ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ದಾಕ್ಷಾಯಿಣಿ ಎರಡನ್ನೂ ಹಾಗೆಯೇ ಬರೆದುಕೊಂಡಳು, ಏನನ್ನೂ ಬದಲಿಸಲಿಲ್ಲ.

ದೀಪಾವಳಿಗೆ ಹತ್ತು ದಿನವಿದ್ದಾಗ, ಮೊಬೈಲ್ ಅಂಗಡಿಯವನು ಬಂದು ಗೋಡೆ ಅಳೆದು ಹೋದ ಸಂಜೆ, ದಾವಣಗೆರೆಯ ಚಿಕ್ಕ ಮಕ್ಕಳ ಶಾಲೆಯೊಂದರಿಂದ ನಾಗರತ್ನಾ ಎಂಬ ಶಿಕ್ಷಕಿ ಫೋನ್ ಮಾಡಿದರು. ಪೇರಲ ಬೇಕಾಗಿತ್ತು. ಆದರೆ ಮುಗಿದ ಪೇರಲ ಮಾತ್ರವಲ್ಲ, ಆ ಐದೂ ಹಂತ, ಫೋಟೊದಲ್ಲಿ ಇದ್ದ ಹಾಗೆಯೇ. ಒಂದು ವಸ್ತು ಹೇಗೆ ಆಗುತ್ತದೆ ಎಂದು ಮಕ್ಕಳು ಕೈಯಲ್ಲಿ ಹಿಡಿದು ನೋಡಬೇಕು ಎಂದರು. ಅವರ ಸಂಸ್ಥೆಯ ಎಲ್ಲ ಶಾಲೆಗಳಿಗೂ ಸೇರಿ ಅರವತ್ತು ಸೆಟ್ಟು, ಬೇಸಿಗೆಯ ರಜೆ ಶುರುವಾಗುವುದರೊಳಗೆ. ದಾಕ್ಷಾಯಿಣಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡು ಬರೆದುಕೊಂಡಳು. ಮುನ್ನೂರು ಪೇರಲ. ಈ ಖೋಲಿಗೆ ಒಂದೇ ಸಲ ಅಷ್ಟು ಕೆಲಸ ಎಂದೂ ಬಂದಿರಲಿಲ್ಲ.

ಖೋಲಿ ಕೀಲಿಯನ್ನು ಕಾಕಾ ಮೊಳೆಗೆ ತೂಗುಹಾಕಿದ. ಮರುದಿನದಿಂದ ಕೆಲಸ ಹಿಡಿದ.

ತೊಂದರೆ ಬಂದದ್ದು ಮೂರನೆಯ ಹಂತದಲ್ಲಿ. ಬಿಳಿ ಬಳಿದ ಪೇರಲವನ್ನು ಕೆಳಗಿಡಲು ಕಾಕಾನ ಕೈ ಒಪ್ಪಲೊಲ್ಲದು. ಹುಟ್ಟಿದಾಗಿನಿಂದ ಅವನು ಯಾವ ಹಣ್ಣನ್ನೂ ಅರ್ಧಕ್ಕೆ ಬಿಟ್ಟವನಲ್ಲ. ತನಗೆ ಅರಿವಿಲ್ಲದೆಯೇ ಕುಂಚ ಹಸಿರಿನಲ್ಲಿ ಅದ್ದಿ ಮೇಲೆತ್ತಿದ್ದ.

“ಅಲ್ಲೇ ನಿಂದ್ರಸ್ರಿ,” ಎಂದಳು ಬಾಳವ್ವ, ಸರಿಯ ಬೋಗುಣಿಯಿಂದ ಕಣ್ಣೆತ್ತದೆ.

ಹಸಿರು ಹನಿಯೊಂದು ಕುಂಚದ ತುದಿಯಲ್ಲಿ ತುಂಬಿ ತೂಗಿತು. ಕಾಕಾ ಕೈಯನ್ನು ನಿಧಾನ ಹಿಂದಕ್ಕೆ ತಂದು ಹನಿಯನ್ನು ಡಬ್ಬಿಯೊಳಗೆ ಬೀಳಿಸಿದ. ಬಿಳಿ ಪೇರಲವನ್ನು ಹಲಗೆಯ ಮೇಲೆ, ಬಾಗಿಲಿಗೆ ಮುಖ ಮಾಡಿ, ಬೀದಿಯಲ್ಲಿ ಹೋಗುವವರಿಗೆ ಕಾಣುವಂತೆ ಇಟ್ಟ.