ಅಜ್ಜಿಯ ಹುಟ್ಟುಹಬ್ಬದ ಕುರ್ಚಿಗಳು

"ಶನಿ ನಿನ್ನ ಮನೆ ಕೆಡವೋಕೆ ಬಂದಿಲ್ಲ ಕಣೇ ಫ್ರೌಕೆ, ಗೋಡೆ ಗಟ್ಟಿ ಇದೆಯಾ ಅಂತ ತಟ್ಟಿ ನೋಡೋಕೆ ಬಂದಿದಾನೆ," ಎಂದಳು ಮಿಂಟ್ಯೆ ಅಜ್ಜಿ, ನನ್ನ ತಟ್ಟೆಗೆ ಇನ್ನೊಂದು ಹೋಳು ಸಕ್ಕರೆ ಬ್ರೆಡ್ ಇಡುತ್ತಾ.

ತಟ್ಟಿದ್ದಕ್ಕೇ ಎಲ್ಲ ಉದುರಿಹೋಯಿತಲ್ಲ ಅಜ್ಜಿ, ಎಂದೆ. ಹಾಗಾದರೆ ಕಟ್ಟಿದವಳನ್ನು ಬೈಯಿ, ತಟ್ಟಿದವನನ್ನು ಯಾಕೆ ಬೈತೀಯಾ, ಎಂದು ನಕ್ಕಳು.

ಮಿಂಟ್ಯೆ ಅಜ್ಜಿ ನಮ್ಮೂರು ಹಾರ್ಲಿಂಗೆನ್ನಿನ ಬಂದರಿನಲ್ಲಿ ದ್ವೀಪಗಳಿಗೆ ಹೋಗುವ ದೋಣಿಯ ಟಿಕೆಟ್ ಕಿಟಕಿಯ ಹಿಂದೆ ಆಯುಷ್ಯ ಕಳೆದವಳು. ಒಂದು ದೋಣಿ ಹೋಗಿ ಇನ್ನೊಂದು ಬರುವ ನಡುವಿನ ಬಿಡುವಿನಲ್ಲಿ ಗ್ರಹಗಳ ಲೆಕ್ಕ ತಾನೇ ಕಲಿತಳು. ಈಗ ಊರಿನ ಅರ್ಧ ಹೆಂಗಸರು ಕುಂಡಲಿ ಹಾಕಿಸಲು ಅವಳ ಅಡುಗೆಮನೆಗೆ ಬರುತ್ತಾರೆ. ಉಳಿದರ್ಧ ಹೆಂಗಸರು, ಇದೆಲ್ಲ ಬೊಗಳೆ ಎನ್ನುತ್ತಲೇ ಕಾಫಿ ಕುಡಿಯಲು ಬರುತ್ತಾರೆ.

ಅವಳ ಲೆಕ್ಕ ಇಷ್ಟು. ನಾವು ಹುಟ್ಟಿದಾಗ ಶನಿ ಎಲ್ಲಿದ್ದನೋ ಅಲ್ಲಿಗೆ ತಿರುಗಿ ಬರಲು ಇಪ್ಪತ್ತೊಂಬತ್ತು, ಮೂವತ್ತು ವರ್ಷ ಹಿಡಿಯುತ್ತದೆ. ಬಂದವನು ಸುಮ್ಮನೆ ಹೋಗುವುದಿಲ್ಲ. ನನ್ನ ವಿಷಯದಲ್ಲಂತೂ ಅವನು ಏನನ್ನೂ ಬಿಟ್ಟಿರಲಿಲ್ಲ. ಒಂದೇ ವರ್ಷದಲ್ಲಿ ಹಡಗು ಹೋಯಿತು, ನಿಶ್ಚಯವಾಗಿದ್ದ ಮದುವೆ ಮುರಿಯಿತು, ನಾನು ಅಮ್ಮನ ಮನೆಯ ಅಟ್ಟಕ್ಕೆ ವಾಪಸು ಬಂದೆ.

ಹಡಗು ನಮ್ಮ ಸ್ವಂತದ್ದಲ್ಲ. ಎರಡು ಕಂಬದ ಹಳೆಯ ಹಾಯಿಹಡಗು. ನಾನು ಮತ್ತು ಸೀಟ್ಸ್ಕೆ ಸೇರಿ ಪ್ರವಾಸಿಗರಿಗಾಗಿ ನಡೆಸುತ್ತಿದ್ದೆವು. ಚುಕ್ಕಾಣಿ ಅವಳದು, ಹಗ್ಗ ಮತ್ತು ಅಡುಗೆ ನನ್ನದು. ಸೀಟ್ಸ್ಕೆ ಎಂದರೆ ಮಿಂಟ್ಯೆ ಅಜ್ಜಿಯ ಮೊಮ್ಮಗಳು, ಒಂದನೇ ತರಗತಿಯಿಂದ ನನ್ನ ಗೆಳತಿ. ಬೇಸಿಗೆಯ ಪ್ರವಾಸಗಳು ಇನ್ನೇನು ಶುರುವಾಗಬೇಕು, ಆಗ ಅವಳ ಫೋನ್ ಬಂತು. ತಾನು ಬಸುರಿ, ಇನ್ನು ಹಡಗು ಹತ್ತುವುದಿಲ್ಲ, ಇಷ್ಟೇ. ಚುಕ್ಕಾಣಿಯ ಪರವಾನಗಿ ಇದ್ದದ್ದು ಅವಳೊಬ್ಬಳಿಗೇ. ಹಡಗಿನ ಯಜಮಾನ ಅದನ್ನು ಬೇರೆಯವರಿಗೆ ಕೊಟ್ಟ. ಆಮೇಲೆ ನನ್ನನ್ನು ಮದುವೆಯಾಗಬೇಕಿದ್ದ ಯೋರಿಟ್ ನಾರ್ವೆಯಲ್ಲಿ ಕೆಲಸ ಹಿಡಿದ, ನೀನೂ ಬಾ ಎನ್ನಲಿಲ್ಲ. ವಿಚಿತ್ರವೆಂದರೆ ಅವನ ಮೇಲೆ ನನಗೆ ಹೆಚ್ಚು ಸಿಟ್ಟು ಬರಲಿಲ್ಲ. ಇದ್ದ ಸಿಟ್ಟೆಲ್ಲ ಸೀಟ್ಸ್ಕೆಯ ಪಾಲಿಗೇ ಹೋಯಿತು.

ಅವಳಿಗೆ ಮಗಳು ಹುಟ್ಟಿದಾಗ ಮನೆಗೆ ಕಾರ್ಡ್ ಬಂತು. ನಾನು ಹೋಗಲಿಲ್ಲ. ಮಗು ಹುಟ್ಟಿದ ಮನೆಯಲ್ಲಿ ಬೆಣ್ಣೆ ಸವರಿದ ರಸ್ಕಿನ ಮೇಲೆ ಸೋಂಪಿನ ಸಕ್ಕರೆ ಮಣಿ ಉದುರಿಸಿ ಕೊಡುತ್ತಾರೆ, ಹೆಣ್ಣಾದರೆ ಗುಲಾಬಿ ಬಣ್ಣದ್ದು. ಅದನ್ನು ತಿನ್ನಲು ಹೋಗಲಿಲ್ಲವೆಂದರೆ ನಿನ್ನ ಸಂತೋಷ ನನಗೆ ಬೇಡ ಎಂದ ಹಾಗೆ. ಊರಿಗೇ ಅರ್ಥವಾಯಿತು.

ಆ ಚಳಿಗಾಲ ನನ್ನನ್ನು ಎತ್ತಿ ನಿಲ್ಲಿಸಿದ್ದು ಈ ಅಡುಗೆಮನೆ. ವಾರವಾರವೂ ಬಂದು ಕೂರುತ್ತಿದ್ದೆ. ಅಜ್ಜಿ ಶನಿಯ ಕಥೆ ಹೇಳುತ್ತಾ ಹೊಟ್ಟೆಗೆ ಹಾಕುತ್ತಿದ್ದಳು. ಬಂದರಿನ ಹಗ್ಗದ ಕಾರ್ಖಾನೆಯಲ್ಲಿ ಕೈಗೆಲಸದವರು ಬೇಕಂತೆ, ಹೋಗಿ ಕೇಳು ಎಂದು ಅಟ್ಟಿದವಳೂ ಅವಳೇ. ಅಲ್ಲಿ ನಾನು ಈಗಲೂ ಇದ್ದೇನೆ, ಖುಷಿಯಾಗಿದ್ದೇನೆ.

ಈಗ ಅಜ್ಜಿಗೆ ಎಂಬತ್ತು ತುಂಬುತ್ತಿತ್ತು. ಸೀಟ್ಸ್ಕೆ ಬಂದರೆ ನಾನು ಬರುವುದಿಲ್ಲ ಎಂದೆ. ಅಜ್ಜಿ ಬ್ರೆಡ್ ಚಾಕುವನ್ನು ಕೆಳಗಿಟ್ಟಳು.

"ಎಂಬತ್ತು ತುಂಬೋದು ನನಗೆ, ನಿಮ್ಮ ಜಗಳಕ್ಕಲ್ಲ. ಅವಳ ಹತ್ರ ಮಾತಾಡು ಅಂತ ನಾನು ಹೇಳಲ್ಲ. ಆದ್ರೆ ನೀನು ಬರ್ಲಿಲ್ಲ ಅಂದ್ರೆ ಇಲ್ಲಿ ಒಂದು ಕುರ್ಚಿ ಖಾಲಿ ಉಳಿಯುತ್ತೆ. ಆಮೇಲೆ ನೀನೇ ಬಂದ್ರೂ ಅದನ್ನ ನಾನು ತುಂಬಿಸಲ್ಲ."

ಹೋಗದಿದ್ದರೆ ಈ ಮನೆಯೂ ಹೋಗುತ್ತದೆ ಎಂದು ತಿಳಿಯಿತು. ಹೋದೆ, ಅವಳನ್ನು ಮಾತಾಡಿಸುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೇ ಹೋದೆ.

ಗೋಡೆಯುದ್ದಕ್ಕೂ ಕುರ್ಚಿಗಳನ್ನು ಸುತ್ತಾಗಿ ಜೋಡಿಸಿದ್ದರು. ಅಜ್ಜಿಯ ಕೈ ಕುಲುಕಿ, ಎಲ್ಲರ ಹಾಗೆ ಎಡಗಡೆಯಿಂದ ಶುರುಮಾಡಿದೆ. ನಮ್ಮಲ್ಲಿ ಹುಟ್ಟುಹಬ್ಬ ಒಬ್ಬರದಾದರೂ ಅಭಿನಂದನೆ ಸುತ್ತಿನಲ್ಲಿ ಕೂತ ಪ್ರತಿಯೊಬ್ಬರಿಗೂ ಸಲ್ಲಬೇಕು. ಅಜ್ಜಿಯ ತಮ್ಮನಿಗೆ, ನಿನ್ನ ಅಕ್ಕನಿಗೆ ಎಂಬತ್ತಾಯಿತಲ್ಲ, ಅಭಿನಂದನೆ, ವೀಬೆ ಮಾಮ. ಪಕ್ಕದ ಮನೆಯವಳಿಗೆ, ನಿಮ್ಮ ನೆರೆಯವಳಿಗೆ ಎಂಬತ್ತಾಯಿತಲ್ಲ, ಅಭಿನಂದನೆ. ನಡೆಯಲು ಬಂದಾಗಿನಿಂದ ಮಾಡಿದ್ದು. ಅದಕ್ಕೆ ತಲೆ ಬೇಕಾಗಿಲ್ಲ, ಕೈ ಮತ್ತು ಬಾಯಿ ಸಾಕು. ಕಿಟಕಿಯ ಬಿಸಿಲು ಬೇರೆ ಕಣ್ಣಿಗೆ ಹೊಡೆಯುತ್ತಿತ್ತು. ಒಂದು ಕೈ ಹಿಡಿದು, "ಅಜ್ಜಿಗೆ ಎಂಬತ್ತಾಯ್ತಲ್ಲ, ಅಭಿನಂದನೆ," ಎಂದುಬಿಟ್ಟೆ. ಆ ಅಂಗೈಯಲ್ಲಿ ಚುಕ್ಕಾಣಿ ಹಿಡಿದ ಹಳೆಯ ಜಡ್ಡು ಸಿಕ್ಕಿದಾಗಲೇ ನನಗೆ ಮುಖ ಕಂಡದ್ದು.

"ನಿನಗೂ," ಎಂದಳು ಸೀಟ್ಸ್ಕೆ.

ಸುತ್ತನ್ನು ಅರ್ಧಕ್ಕೆ ಬಿಟ್ಟು ಹೋಗುವ ಹಾಗಿಲ್ಲ. ಉಳಿದ ಕೈಗಳನ್ನೂ ಕುಲುಕಿ ತಿರುಗಿದರೆ ಖಾಲಿಯಿದ್ದ ಕುರ್ಚಿ ಒಂದೇ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಅವಳ ಪಕ್ಕದ್ದು. ಕೂತೆ. ಇಬ್ಬರೂ ಕೇಕನ್ನು ಬಹಳ ಆಸಕ್ತಿಯಿಂದ ನೋಡಿದೆವು.

ಗ್ರಹ ಗಿಹ ನಂಬದ ವೀಬೆ ಮಾಮನಿಗೆ ಸುಮ್ಮನಿರಲಾಗಲಿಲ್ಲ. ಏನಕ್ಕಾ, ನಿನ್ನ ಶನಿ ಈ ಫ್ರೌಕೆ ಹುಡುಗಿಯನ್ನು ಬಿಟ್ಟನೋ ಇಲ್ಲವೋ, ಎಂದು ನನ್ನತ್ತ ಗಲ್ಲ ಎತ್ತಿದ.

"ಅವಳೊಬ್ಬಳನ್ನೇ ಯಾಕೆ ಕೇಳ್ತೀಯೋ," ಎಂದಳು ಅಜ್ಜಿ. "ಇಬ್ರೂ ಒಂದೇ ತಿಂಗಳು ಹುಟ್ಟಿದವರು. ಇಬ್ರಿಗೂ ಅವನೇ."

ಇಡೀ ಚಳಿಗಾಲ ಶನಿ ನನ್ನೊಬ್ಬಳ ಸ್ವತ್ತು ಎಂಬಂತೆ ಆ ಮೇಜಿನ ಮುಂದೆ ಕೂತಿದ್ದೆ. ಅವಳಿಗೂ ಅವನೇ ಎಂದು ಹೊಳೆದೇ ಇರಲಿಲ್ಲ.

"ನಿನಗೂ ಹೇಳಿದ್ಳಾ?" ಎಂದೆ, ಕೇಕಿಗೆ ಹೇಳುವವಳ ಹಾಗೆ.

"ಮಂಗಳವಾರ ನೀನು, ಗುರುವಾರ ನಾನು. ಅದೇ ಕುರ್ಚಿ. ಅದೇ ಸಕ್ಕರೆ ಬ್ರೆಡ್."

ನನಗೆ ನಗು ಬಂತು, ತಡೆದೆ. ಅವಳು ಮೆಲ್ಲಗೆ ಹೇಳುತ್ತಾ ಹೋದಳು. ಗಂಡ ದೂರದ ಸಮುದ್ರದಲ್ಲಿ ಹೂಳೆತ್ತುವ ಹಡಗಿನ ಮೇಲೆ, ಮನೆಯಲ್ಲಿ ಅವಳು ಮತ್ತು ಅಳುವ ಮಗು. ಕಿಟಕಿಯಲ್ಲಿ ನಮ್ಮ ಹಡಗು ಬೇರೆಯವರ ಕೈಯಲ್ಲಿ ಬಂದರು ದಾಟುವುದು ಕಾಣುತ್ತಿತ್ತಂತೆ. ಹಗಲಲ್ಲೇ ಪರದೆ ಎಳೆಯುತ್ತಿದ್ದಳಂತೆ.

"ಫೋನಲ್ಲಿ ಹೇಳ್ಬಾರ್ದಿತ್ತು. ಎದುರಿಗೆ ಬಂದಿದ್ರೆ ನೀನು ಕೂಗಾಡ್ತಿದ್ದೆ."

"ಕೂಗಾಡ್ತಿದ್ದೆ. ಆಮೇಲೆ ಟೀ ಮಾಡ್ತಿದ್ದೆ."

"ಅದು ಮರೆತುಹೋಗಿತ್ತು ಕಣೇ," ಎಂದಳು.

ಆ ಟೀ ನನಗೆ ನೆನಪಿತ್ತು. ಸಮುದ್ರ ಇಳಿತದಲ್ಲಿ ಹಿಂದೆ ಸರಿದಾಗ ನಮ್ಮ ಹಡಗು ಮರಳಿನ ಮೇಲೆ ಕೂತುಬಿಡುತ್ತಿತ್ತು. ಪ್ರವಾಸಕ್ಕೆ ಬಂದವರು ಗಾಬರಿಯಾಗುತ್ತಿದ್ದರು. ನಾವಿಬ್ಬರು ಬರಿಗಾಲಲ್ಲಿ ಕೆಳಗಿಳಿದು, ಕೈಯಲ್ಲಿ ಟೀ ಹಿಡಿದು, ನೀರು ಬರುವವರೆಗೆ ಸುಮ್ಮನೆ ಅಡ್ಡಾಡುತ್ತಿದ್ದೆವು. ಹಾಗೆ ಎಷ್ಟೋ ಬೇಸಿಗೆ. ಅವಳ ಚುಕ್ಕಾಣಿಯಿಲ್ಲದೆ ಅವು ನನಗೆ ಸಿಗುತ್ತಲೇ ಇರಲಿಲ್ಲ. ಅದಕ್ಕೆ ಒಮ್ಮೆಯೂ ಥ್ಯಾಂಕ್ಸ್ ಅಂದಿರಲಿಲ್ಲ. ಈಗ ಅಂದೆ. ಅವಳು ಏಳುತ್ತಾ ಮಗುವನ್ನು ನನ್ನ ತೊಡೆಗೆ ಹಾಕಿ ಅಡುಗೆಮನೆಗೆ ಹೋದಳು. ಮಗು ಭಾರವಾಗಿತ್ತು, ಬೆಚ್ಚಗಿತ್ತು, ನನ್ನ ಗುಂಡಿಯೊಂದನ್ನು ಬಾಯಿಗೆ ಹಾಕಿಕೊಂಡಿತು.

ಸೀಟ್ಸ್ಕೆ ತಟ್ಟೆ ತಂದಳು. ರಸ್ಕು, ಬೆಣ್ಣೆ, ಮೇಲೆ ಗುಲಾಬಿ ಮಣಿಗಳು.

"ತುಂಬ ತಡವಾಯ್ತು."

"ಶನಿ ನಡೆಯೋದೇ ನಿಧಾನ," ಎಂದೆ.

ಕಚ್ಚಿದ್ದೇ ತಡ, ರಸ್ಕು ಕೈಯಲ್ಲೇ ಮುರಿದು ಮಣಿಗಳೆಲ್ಲ ಕಾರ್ಪೆಟ್ಟಿನ ಮೇಲೆ ಉರುಳಿದವು. ಮಗು ನನ್ನ ತೊಡೆಯಿಂದ ಜಾರಿ, ಅಂಬೆಗಾಲಿಡುತ್ತಾ ಅವುಗಳ ಹಿಂದೆ ಹೊರಟಿತು. ಮೊದಲು ವೀಬೆ ಮಾಮ ಕಾಲೆತ್ತಿದ, ಆಮೇಲೆ ನೆರೆಯವಳು, ಆಮೇಲೆ ಒಬ್ಬೊಬ್ಬರಾಗಿ ಇಡೀ ಸುತ್ತು ಕಾಲೆತ್ತಿ ದಾರಿ ಬಿಟ್ಟಿತು.